ಬೆಟ್ಟಯ್ಯನವರಿಗೆ ಓದಿ ಹೇಳುತ್ತಿದ್ದವನು

೧೧ ಜನವರಿ ೧೯೫೪, ಸೋಮವಾರ

ಮತ್ತೆ ಅದೇ ಕನಸು. ಬೆಟ್ಟಯ್ಯನವರ ಮನೆ ಜಗುಲಿ. ನಾನು ಅವರಿಗೆ ಹಾರ ಹಾಕುತ್ತಾ ಇದ್ದೇನೆ. ಒಂದು ಹಾಕಿದರೆ ಹಿಂದಿನಿಂದ ಯಾರೋ ಇನ್ನೊಂದು ಕೈಗೆ ಕೊಡುತ್ತಾರೆ. ಎದೆ ಮುಚ್ಚಿತು, ಗದ್ದ ಮುಚ್ಚಿತು, ಬಾಯಿ ಮುಚ್ಚಿತು. ಕಣ್ಣೆರಡೇ ಉಳಿದವು. ನನ್ನ ಕೈಯಲ್ಲಿ ಒಂದು ಕಾಗದ. ಓದು ಅಂತ ಕಣ್ಣಲ್ಲೇ ಹೇಳುತ್ತಾರೆ. ನೋಡಿದರೆ ನನಗೆ ಒಂದು ಅಕ್ಷರವೂ ಗುರುತು ಸಿಗುವುದಿಲ್ಲ. ಎದ್ದಾಗ ಬನೀನು ಒದ್ದೆಯಾಗಿತ್ತು.

ರಮಾಮಣಿಗೆ ಹೇಳಿದೆ. "ರಾತ್ರಿ ಎಷ್ಟು ಹಪ್ಪಳ ತಿಂದಿರಿ, ಲೆಕ್ಕ ಇದೆಯಾ?" ಅಂದಳು. ಹೆಂಡತಿಯೇ ಹೀಗೆ. ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ. ಅದಕ್ಕೇ ಬರೆದಿಡುವುದು.

ಅರಮನೆಯ ದೀಪ ನೋಡಿಕೊಳ್ಳುವ ನನ್ನ ಕೆಲಸ ಹೋಗಿ ನಾಲ್ಕು ವರ್ಷವಾಯಿತು. ಓದು ಅಂದರೆ ಅಪ್ಪ ತೀರಿಕೊಂಡ ವರ್ಷಕ್ಕೇ ನಿಂತಿತು, ಇಂಗ್ಲಿಷು ಎರಡನೇ ಪುಸ್ತಕದ ಅರ್ಧದವರೆಗೆ. ಅಂಥವನನ್ನು ಮುನಿಸಿಪಾಲಿಟಿ ಮೆಂಬರು ಬೆಟ್ಟಯ್ಯನವರು ಕರೆದು ಕೆಲಸ ಕೊಟ್ಟರು. ಅವರ ಗುಮಾಸ್ತೆ ಅಂತ ಚಾಮರಾಜಪುರಂನಲ್ಲೆಲ್ಲ ಅಂದುಕೊಂಡಿದ್ದಾರೆ. ನಿಜ ಬೇರೆ. ಅವರಿಗೆ ಓದುವುದಕ್ಕೆ ಬರುವುದಿಲ್ಲ. ಇಲವಾಲದಲ್ಲಿ ದನ ಮೇಯಿಸಿ ಬೆಳೆದವರು. ರುಜು ಹಾಕುವುದೂ ಚಿತ್ರ ಬರೆದ ಹಾಗೆ. ಯಾರು ಅರ್ಜಿ ಕೊಟ್ಟರೂ ಎರಡು ಕೈಯಲ್ಲಿ ತಗೊಂಡು, ಕಣ್ಣಿಗೆ ಒತ್ತಿಕೊಂಡು, ಕೋಟಿನ ಒಳಜೇಬಿಗೆ ಇಟ್ಟುಕೊಳ್ಳುತ್ತಾರೆ. ಏನು ಮರ್ಯಾದೆ, ಏನು ವಿನಯ ಅಂತಾರೆ ಜನ. ಸಂಜೆ ನಾನು ಒಂದೊಂದೇ ತೆಗೆದು ಓದಿ ಹೇಳುತ್ತೇನೆ. ಈ ಗುಟ್ಟು ಗೊತ್ತಿರುವುದು ಅವರ ಮನೆಯವರು ದೇವೀರಮ್ಮನವರಿಗೆ, ನನಗೆ, ಮತ್ತೆ ಅವರ ಸ್ನೇಹಿತರು, ಅವರ ಹಾಗೇ ಮೆಂಬರಾದ ವಕೀಲ ಲಕ್ಷ್ಮೀನರಸಿಂಹಯ್ಯನವರಿಗೆ.

ಮಾರ್ಚಿ ಹದಿನೈದಕ್ಕೆ ಮುನಿಸಿಪಾಲಿಟಿ ಅಧ್ಯಕ್ಷರ ಚುನಾವಣೆ. ಇವರೇ ಆಗುವುದು ಅಂತ ಎಲ್ಲರೂ ಹೇಳುತ್ತಾರೆ. ಆದ ದಿನವೇ ಗೋಕುಲಂ ಕಡೆಯ ಬಯಲನ್ನು ಅಲ್ಲೇ ಗುಡಿಸಲು ಹಾಕಿಕೊಂಡಿರುವ ಜನಕ್ಕೆ ಸೈಟು ಮಾಡಿ ಹಂಚುತ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಆ ಬಯಲ ಮೇಲೆ ಇವರ ಜೊತೆ ಕೂತು ಕಾಫಿ ಕುಡಿಯುವ ಮೆಂಬರುಗಳಿಗೇ ಕಣ್ಣು. ಇದು ನನಗೆ ಕಾಣುತ್ತೆ, ಅವರಿಗೆ ಯಾಕೆ ಕಾಣುವುದಿಲ್ಲ.

೧೫ ಜನವರಿ, ಶುಕ್ರವಾರ

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಬುಡುಬುಡಿಕೆಯವನು ಬೆಟ್ಟಯ್ಯನವರ ಬಾಗಿಲಲ್ಲಿ ನಿಂತಿದ್ದ. ಒಂದೇ ಸಮನೆ ಆಡಿಸುತ್ತಾ, "ಹಾಲಕ್ಕಿ ನುಡೀತದೆ, ಯಜಮಾನಂಗೆ ಗಂಡಾಂತರ ನುಡೀತದೆ, ಹತ್ತಿರದ ಕೈಯಿಂದ ನುಡೀತದೆ, ಯುಗಾದಿ ದಾಟಿದ್ರೆ ನೂರು ವರ್ಷ ನುಡೀತದೆ" ಅಂದ.

ಬೆಟ್ಟಯ್ಯನವರು ಹಲ್ಲುಜ್ಜುತ್ತಾ ಹೊರಗೆ ಬಂದರು. "ಏನಪ್ಪಾ, ನಿನ್ ಹಕ್ಕಿಗೆ ಹಳೇ ಕೋಟು ಬೇಕೇನೋ?"

"ಬುದ್ಧೀ, ಹಕ್ಕಿ ಸುಳ್ಳಾಡಕ್ಕಿಲ್ಲ."

"ಹಕ್ಕಿ ಸುಳ್ಳಾಡಕ್ಕಿಲ್ಲ, ನೀನಾಡ್ತೀಯ. ತಕೋ." ಕಂದು ಬಣ್ಣದ ಹಳೇ ಕೋಟು ಕೊಟ್ಟು ಕಳಿಸಿದರು.

ಒಳಗೆ ಹೋದ ಮೇಲೆ ನಾನು ಕನಸಿನ ವಿಷಯ ಎತ್ತಿದೆ. ಮೊದಲೇ ಒಂದು ಸಲ ಹೇಳಿದ್ದೆ, ಎರಡು ಸಲವೋ ಏನೋ. "ಅಯ್ನೋರೇ, ನಿಮ್ ಬಾಯಲ್ಲಿ ಶನಿವಾರ ಮುಗಿಯೋದೇ ಇಲ್ವಲ್ಲ" ಅಂದರು. ದೇವೀರಮ್ಮನವರು ನಗಲಿಲ್ಲ. ಕಾಫಿ ಲೋಟ ಕೊಡುವಾಗ, "ಅಯ್ನೋರೇ, ಹತ್ತಿರದ ಕೈ ಅಂದ್ರೆ ಯಾರ್ದು?" ಅಂತ ಮೆಲ್ಲಗೆ ಕೇಳಿದರು. ನನಗೇನು ಗೊತ್ತು. ನನ್ನ ಕೈಯೂ ಹತ್ತಿರದ್ದೇ ಅಲ್ಲವೇ ಅಂತ ಮನೆಗೆ ಬರುವ ದಾರಿಯೆಲ್ಲ ಅನ್ನಿಸುತ್ತಿತ್ತು. ಇದೆಂಥ ಬುದ್ಧಿ ನನ್ನದು.

೬ ಫೆಬ್ರವರಿ, ಶನಿವಾರ

ಒಂದು ಹೈಸ್ಕೂಲಿನಲ್ಲಿ ವಾರ್ಷಿಕೋತ್ಸವ. ಬೆಟ್ಟಯ್ಯನವರು ಅಧ್ಯಕ್ಷರು. ಯಾವುದೋ ಪರದೇಶದ ಹಳೇ ಕಾಲದ ದೊರೆಯ ನಾಟಕ, ಮೇಷ್ಟರೊಬ್ಬರು ಕನ್ನಡ ಮಾಡಿದ್ದರಂತೆ. ಬೀದಿಯಲ್ಲಿ ಒಬ್ಬ ಆ ದೊರೆಗೆ ಎಚ್ಚರಿಕೆ ಹೇಳುತ್ತಾನೆ. ಹೆಂಡತಿ ಕಾಲು ಹಿಡಿಯುತ್ತಾಳೆ. ಇನ್ನೊಬ್ಬ ಕಾಗದ ಬರೆದು ಕೈಗೇ ಕೊಡುತ್ತಾನೆ. ಅವನು ಓದುವುದಿಲ್ಲ. ಸ್ನೇಹಿತರೇ ಸುತ್ತ ನಿಂತು ಚುಚ್ಚುತ್ತಾರೆ. ಹುಡುಗರು ಕುಂಕುಮದ ನೀರು ಚೆಲ್ಲಿಕೊಂಡರು. ಎಲ್ಲರೂ ನಕ್ಕರು. ನನಗೆ ಕುರ್ಚಿಯಲ್ಲಿ ಕೂರುವುದಕ್ಕೆ ಆಗಲಿಲ್ಲ, ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ಕೊನೆಗೆ ಬೆಟ್ಟಯ್ಯನವರ ಭಾಷಣ. "ಆ ರಾಜಂಗೆ ಬುದ್ಧಿ ಇರ್ನಿಲ್ಲ. ಮನೆ ಹೆಂಗ್ಸು ಅಷ್ಟು ಬೇಡ್ಕಂಡ ಮೇಲೆ ಒಂದಿನ ಮನೇಲೇ ಮುದ್ದೆ ಉಂಡ್ಕಂಡು ಬಿದ್ದಿರಕ್ಕೇನಾಗಿತ್ತು?" ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜಾಸ್ತಿ ಚಪ್ಪಾಳೆ ಹೊಡೆದವರು ಲಕ್ಷ್ಮೀನರಸಿಂಹಯ್ಯನವರು. ಆಮೇಲೆ ಪಕ್ಕದ ಮೆಂಬರಿಗೆ, "ಮಹಾರಾಜರ ಕಾಲ ಮುಗೀತು ಅಂದ್ಕೊಂಡ್ವಿ. ಇಲವಾಲದಿಂದ ಇನ್ನೊಬ್ಬರು ಬಂದ್ರು ನೋಡಿ" ಅಂದರು. ನಗುತ್ತಲೇ ಅಂದದ್ದು. ಆದರೆ ಆ ಮೆಂಬರು ನಗಲಿಲ್ಲ.

೮ ಫೆಬ್ರವರಿ, ಸೋಮವಾರ

ತಪ್ಪು ಮಾಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

ಬೆಟ್ಟಯ್ಯನವರ ಮನೆಯಲ್ಲಿ ಮೆಂಬರುಗಳಿಗೆಲ್ಲ ಊಟ. ಹೋಳಿಗೆ ಬಡಿಸುವಾಗ ಅವರ ಕಿವಿಯ ಹತ್ತಿರ ಬಗ್ಗಿ, "ಯಜಮಾನರೇ, ಚುನಾವಣೆ ಮುಗಿಯುವವರೆಗೂ ಈ ಜನದ ಮಧ್ಯೆ ಒಬ್ಬರೇ ಹೋಗಬೇಡಿ, ಇಲವಾಲದಿಂದ ಇಬ್ಬರು ಆಳುಗಳನ್ನು ಕರೆಸಿಕೊಳ್ಳಿ" ಅಂದೆ. ಮೆಲ್ಲಗೇ ಅಂದೆ ಅಂದುಕೊಂಡಿದ್ದೆ. ಪಂಕ್ತಿಯೆಲ್ಲ ತಿರುಗಿ ನೋಡಿತು. ಲಕ್ಷ್ಮೀನರಸಿಂಹಯ್ಯನವರು ಎಲೆ ಮುಂದಿನಿಂದ ಅರ್ಧ ಎದ್ದು, "ನಮ್ಮನ್ನ ಕಳ್ಳರು ಅಂತಾರೇನ್ರೀ ನಿಮ್ಮ ಗುಮಾಸ್ತೆ?" ಅಂದರು.

ಬೆಟ್ಟಯ್ಯನವರ ಮುಖ ಕೆಂಪಗಾಯಿತು. ಊಟ ಆದ ಮೇಲೆ ನನ್ನನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ಚಾಮುಂಡಿ ಪಟದ ಮುಂದೆ ನಿಲ್ಲಿಸಿದರು. "ಕುಂಕುಮ ಮುಟ್ಟಿ. ಓಟು ಮುಗಿಯೋಗಂಟ ನಿಮ್ ಬಾಯಿಂದ ಒಂದು ಕೆಟ್ಟ ಮಾತು ಬರ್ಕೂಡ್ದು. ನನ್ತಾವೂ ಆಡ್ಕೂಡ್ದು, ಅವಳ್ತಾವೂ ಆಡ್ಕೂಡ್ದು. ಆಡಿದ್ರೆ ನನ್ ಹೆಣ ನೋಡ್ದಂಗೆ."

ಮುಟ್ಟಿದೆ. ಇನ್ನೇನು ಮಾಡಲಿ. ಅಂಥ ಆಣೆ ಇಟ್ಟ ಮೇಲೆ.

೧೦ ಫೆಬ್ರವರಿ, ಬುಧವಾರ

ಅರ್ಜಿ ಓದಿದೆ, ಹನ್ನೊಂದು. ಬೇರೆ ಮಾತಾಡಲಿಲ್ಲ. ಅವರೂ ಆಡಲಿಲ್ಲ.

೨೧ ಫೆಬ್ರವರಿ, ಭಾನುವಾರ

ಇವತ್ತು ನಮ್ಮ ವಠಾರಕ್ಕೇ ಬಂದರು ಲಕ್ಷ್ಮೀನರಸಿಂಹಯ್ಯನವರು. ಕೂರಿಸುವುದಕ್ಕೆ ಸರಿಯಾದ ಕುರ್ಚಿ ಇಲ್ಲ, ಮಂಚದ ಮೇಲೇ ಕೂತರು. ಅವತ್ತಿನ ಮಾತಿಗೆ ಬೈಯುತ್ತಾರೆ ಅಂದುಕೊಂಡೆ. ಇಲ್ಲ. "ಶಾಮಣ್ಣೋರೇ, ನೀವು ಯಜಮಾನರ ಮೇಲಿನ ಪ್ರೀತಿಗೆ ಹೇಳಿದ್ದು, ನನಗೆ ಗೊತ್ತಾಗಲ್ವೇ" ಅಂದರು. ರಮಾಮಣಿ ಕೊಟ್ಟ ಕಾಫಿ ಹೊಗಳಿದರು. ಬಚ್ಚಲಿಗೆ ಹನ್ನೆರಡು ಸಂಸಾರ ಸಾಲು ನಿಲ್ಲುವುದನ್ನು ನೋಡಿ ಲೊಚಗುಟ್ಟಿದರು. "ಗೋಕುಲಂ ಕಡೆ ಬಯಲು ಇದೆಯಲ್ಲ, ನಿಮ್ಮಂಥವರಿಗೇ ಅಲ್ವೇ ಮೊದಲು ಸಿಗಬೇಕಾದ್ದು? ಮೂವತ್ತು ನಲವತ್ತು ಒಂದು ಸೈಟು, ನಾನು ನೋಡ್ಕೋತೀನಿ" ಅಂದರು. ಬದಲಿಗೆ ಏನೂ ಕೇಳಲಿಲ್ಲ. ಏನೂ ಕೇಳಲಿಲ್ಲ ಅನ್ನುವುದನ್ನು ಬರೆದಿಡುತ್ತೇನೆ.

ಅವರು ಹೋದ ಮೇಲೆ ರಮಾಮಣಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮನೆ ಬರೆದಳು. ಅಡುಗೆ ಮನೆ ಇಲ್ಲಿ, ಬಚ್ಚಲು ಇಲ್ಲಿ, ತುಳಸಿ ಕಟ್ಟೆ ಇಲ್ಲಿ. "ಬಚ್ಚಲಿಗೆ ಒಳಗಿನಿಂದ ಚಿಲಕ ಇರಬೇಕು ನೋಡಿ" ಅಂದಳು. ಅವಳು ಹೀಗೆ ನಕ್ಕಿದ್ದು ನೋಡಿ ಎಷ್ಟು ವರ್ಷವಾಗಿತ್ತೋ.

೬ ಮಾರ್ಚಿ, ಶನಿವಾರ

ಬೆಟ್ಟಯ್ಯನವರು ನನ್ನ ಕೈಲಿ ಬರೆಸಿದ ಚೀಟಿ ತಲುಪಿಸುವುದಕ್ಕೆ ಮೆಂಬರುಗಳು ಸೇರುವ ಛತ್ರದ ಕಡೆ ಹೋಗಿದ್ದೆ. ಹಿಂದಿನ ಕೊಟ್ಟಿಗೆಯಲ್ಲಿ ಲಕ್ಷ್ಮೀನರಸಿಂಹಯ್ಯನವರು, ಮೂರು ಜನ ಮೆಂಬರುಗಳು, ಮತ್ತೆ ನಾನು ಹಿಂದೆಂದೂ ನೋಡದ ಇಬ್ಬರು ಗಟ್ಟಿ ಆಳುಗಳು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬ ಟವಲಿನಲ್ಲಿ ಏನೋ ಸುತ್ತಿ ಇಟ್ಟ. ದೊಡ್ಡವರು ಸಾವಿರ ವಿಷಯ ಮಾತಾಡುತ್ತಾರೆ. ಎಲ್ಲದಕ್ಕೂ ಅರ್ಥ ಹುಡುಕಿ ಹುಡುಕಿಯೇ ನನ್ನ ಹೊಟ್ಟೆ ಕೆಟ್ಟಿರುವುದು. ರಮಾಮಣಿ ಹೇಳುವುದು ಸರಿ. ಈ ವಾರ ಎರಡು ದಿನ ಚೆನ್ನಾಗಿ ನಿದ್ದೆ ಬಂತು.

೧೩ ಮಾರ್ಚಿ, ಶನಿವಾರ

ಹೂವಿನ ತಿಮ್ಮಮ್ಮ ಮಧ್ಯಾಹ್ನ ಮನೆಗೇ ಬಂದಳು. ಸಭೆ ಸಮಾರಂಭ ಅಂದರೆ ಹಾರ ಅವಳದೇ. ಗುಡಿಸಲು ಕಡೆಯವಳು, ಬೆಟ್ಟಯ್ಯನವರು ಕೊಡುವ ಸೈಟು ಕಾಯುತ್ತಾ ಇರುವವಳು. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, "ಸ್ವಾಮಿ, ಒಂದು ವಿಷ್ಯ. ನಗಬ್ಯಾಡಿ" ಅಂದಳು. ನಗಬೇಡಿ ಅಂತ ನನಗೆ ಹೇಳುತ್ತಾಳೆ.

ವಿಷಯ ಇಷ್ಟು. ಸೋಮವಾರಕ್ಕೆ ಅಧ್ಯಕ್ಷರ ಹಾರ ಬೇಕು ಅಂತ ಲಕ್ಷ್ಮೀನರಸಿಂಹಯ್ಯನವರ ಕಡೆ ಆಳು ಬಂದಿದ್ದನಂತೆ. ಇವಳು ಹಾರ ಕಟ್ಟುವುದು ಆಳಿನ ಎತ್ತರ ನೋಡಿ, ಕುತ್ತಿಗೆಯಿಂದ ಮಂಡಿಯವರೆಗೆ. ಬೆಟ್ಟಯ್ಯನವರ ಅಳತೆ ಅವಳ ಕೈಗೇ ಗೊತ್ತು, ಆರಡಿ ಮನುಷ್ಯ. ಆ ಆಳು, "ಅಷ್ಟುದ್ದ ಬ್ಯಾಡ, ನೆಲಕ್ಕೆ ಎಳದಾಡ್ತದೆ. ವಕೀಲರ ಅಳತೆಗೆ ಕಟ್ಟು" ಅಂದನಂತೆ. ವಕೀಲರು ಕುಳ್ಳಗೆ ಇದ್ದಾರೆ.

"ಬೆಟ್ಟಯ್ಯನೋರಿಗೆ ಬ್ಯಾಡ್ವಾ ಅಂದೆ ಸ್ವಾಮಿ. ಅದಕ್ಕೆ ಅವ್ನು, ಅವರಿಗೂ ಬೇಕಾಗ್ತದೆ, ಅದಕ್ಕೇನು ಆತ್ರ ಇಲ್ಲ, ಸಾಯಂಕಾಲದ ಮೇಲೆ ತಕಂಡೋಗ್ತೀವಿ ಅಂತ ನಕ್ಕ. ಪಕ್ಕದಲ್ಲಿದ್ದೋನು ಅವನ ಕಾಲು ತುಳ್ದ. ನಾನು ನೋಡ್ದೆ." ಅವಳು ಸೆರಗಿನ ತುದಿ ಹಿಡಿದು ತಿರುಚುತ್ತಿದ್ದಳು. "ನಾ ಹೋದ್ರೆ ಆ ಮನೆ ಬಾಗಿಲಲ್ಲಿ ಯಾರು ಒಳಕ್ಕೆ ಬುಡ್ತಾರೆ. ನೀವು ದಿನಾ ಹೋಗೋರು. ಒಂದು ಮಾತು ಅವರ ಕಿವಿಗೆ ಆಕ್ಬುಡಿ."

ಹೇಳುತ್ತೇನೆ ಅಂದೆ. ಅವಳು ಕೈ ಮುಗಿದು ಹೋದಳು. ಒಂದು ಮೊಳ ಮಲ್ಲಿಗೆ ಬಿಟ್ಟು ಹೋಗಿದ್ದಾಳೆ.

ಹೇಗೆ ಹೇಳಲಿ. ಆಣೆ ಇದೆ. ಹೇಳಿದರೆ ಅವರ ಹೆಣ ನೋಡಿದ ಹಾಗೆ ಅಂತ ಅವರೇ ಅಂದಿದ್ದಾರೆ. ಹೇಳಿ, ಏನಾದರೂ ಆದರೆ ನಾನು ಆಣೆ ಮುರಿದದ್ದರಿಂದಲೇ ಆದ ಹಾಗೆ. ಹೇಳಿ, ಏನೂ ಆಗದೆ ಹೋದರೆ ಲಕ್ಷ್ಮೀನರಸಿಂಹಯ್ಯನವರು ನನ್ನ ಮುಖ ನೋಡುತ್ತಾರೆಯೇ. ರಮಾಮಣಿಗೆ ಹೇಳಲಿಲ್ಲ. ಅವಳು ಮಲ್ಲಿಗೆ ಮುಡಿದುಕೊಂಡು ಯಾರು ಕೊಟ್ಟರು ಅಂತ ಕೇಳಿದಳು. ಪೇಟೆಯಲ್ಲಿ ತಂದೆ ಅಂದೆ.

೧೪ ಮಾರ್ಚಿ, ಭಾನುವಾರ

ದಾರಿ ಸಿಕ್ಕಿತು. ಬಾಯಿಂದ ಆಡುವುದಿಲ್ಲ ಅಂತ ಆಣೆ ಇಟ್ಟದ್ದು. ಬರೆಯುವುದಿಲ್ಲ ಅಂತ ಇಟ್ಟಿಲ್ಲ. ಆ ನಾಟಕದಲ್ಲೂ ಒಬ್ಬ ಕಾಗದವನ್ನೇ ಕೊಟ್ಟನಲ್ಲ.

ಎಲ್ಲ ಬರೆದೆ. ಹಾರದ ಅಳತೆ, ಆ ಆಳು ಆಡಿದ ಮಾತು, ಕೊಟ್ಟಿಗೆಯಲ್ಲಿ ಕಂಡದ್ದು, ಟವಲು. ಛತ್ರಕ್ಕೆ ಹೋಗಬೇಡಿ ಅಂತ ಎರಡು ಸಲ ಬರೆದು ಕೆಳಗೆ ಗೀಟು ಎಳೆದೆ. ನನ್ನ ಹೆಸರು ಹಾಕಲಿಲ್ಲ. ಕವರಿಗೆ ಹಾಕಿ ಅನ್ನದ ಅಗುಳು ಹಚ್ಚಿ ಅಂಟಿಸಿದೆ. ನಾಳೆ ಅವರ ಕೈಗೇ ಕೊಡುತ್ತೇನೆ.

೧೫ ಮಾರ್ಚಿ, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲು

ಬೆಟ್ಟಯ್ಯನವರ ಜಗುಲಿಯಲ್ಲಿ ಕೂತೇ ಬರೆಯುತ್ತಾ ಇದ್ದೇನೆ.

ಎಂಟೂವರೆಗೇ ಬಂದುಬಿಟ್ಟರು ಲಕ್ಷ್ಮೀನರಸಿಂಹಯ್ಯನವರು, ಕಾರು ತಗೊಂಡು. ಎಲ್ಲ ಮೆಂಬರುಗಳೂ ಛತ್ರದಲ್ಲಿ ಸೇರಿ, ಕಾಫಿ ಕುಡಿದು, ಒಟ್ಟಿಗೆ ಓಟು ಹಾಕುವುದಕ್ಕೆ ಹೋಗುವುದಂತೆ. ದೇವೀರಮ್ಮನವರು ಬಾಗಿಲಿಗೆ ಅಡ್ಡ ನಿಂತರು. "ಏನಂದ್ರೆ, ಒಂಬತ್ತರಗಂಟ ರಾಹುಕಾಲ. ಒಂದರ್ಧ ಗಂಟೆ ಕೂತ್ಕಳಿ. ಬೆಳಿಗ್ಗೆಯಿಂದ ನನ್ನ ಬಲಗಣ್ಣು ಒಂದೇ ಸಮ ಅದುರ್ತಾ ಅದೆ."

ಬೆಟ್ಟಯ್ಯನವರು ನಿಂತರು. ನಿಜವಾಗಿ ನಿಂತರು. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಕೂತ್ಕತೀನಿ ಬುಡಮ್ಮಿ, ಅದಕ್ಕೇನಂತೆ" ಅಂದರು.

"ಕೂತ್ಕೊಳ್ಳಿ, ಧಾರಾಳವಾಗಿ ಕೂತ್ಕೊಳ್ಳಿ" ಅಂದರು ವಕೀಲರು. "ನಾನು ಹೋಗಿ ಹೇಳ್ತೀನಿ. ಊರಿಗೆ ಅಧ್ಯಕ್ಷರಾಗೋರನ್ನ ಮನೆಯವರು ಹೊರಗೆ ಬಿಡ್ತಾ ಇಲ್ಲ ಅಂತ. ಅರ್ಥ ಮಾಡ್ಕೋತಾರೆ."

ಬೆಟ್ಟಯ್ಯನವರು ಪೇಟ ಇಟ್ಟುಕೊಂಡರು.

ಆಗ ನಾನು ಮುಂದೆ ಹೋಗಿ ಕವರು ಕೊಟ್ಟೆ. "ಏನಯ್ನೋರೇ, ನಿಮ್ದೂ ಅರ್ಜಿಯಾ? ಸೈಟು ಬೇಕಾ?" ಅಂದರು. ಎರಡು ಕೈಯಲ್ಲಿ ತಗೊಂಡು, ಎಲ್ಲರ ಅರ್ಜಿಯ ಹಾಗೇ ಕಣ್ಣಿಗೆ ಒತ್ತಿಕೊಂಡು, ಒಳಜೇಬಿಗೆ ಇಟ್ಟರು. "ಸಾಯಂಕಾಲ ಓದಿ ಹೇಳೀರಂತೆ."

ಈಗಲೇ ಯಾರ ಕೈಲಾದರೂ ಓದಿಸಿ ಅನ್ನಬೇಕು ಅಂತ ಬಾಯಿ ತೆರೆದೆ. ಲಕ್ಷ್ಮೀನರಸಿಂಹಯ್ಯನವರು ನನ್ನನ್ನೇ ನೋಡುತ್ತಿದ್ದರು. ಆಣೆ ನೆನಪಾಯಿತು. ಕಾರು ಹೊರಟಿತು.

ಕೊಟ್ಟಾಯಿತು. ನನ್ನ ಕೈಯಿಂದ ಅವರ ಕೈಗೆ ಹೋಯಿತು, ಇನ್ನು ನನ್ನದೇನೂ ಇಲ್ಲ. ತಲೆಯಿಂದ ಮೂಟೆ ಇಳಿದ ಹಾಗಾಯಿತು. ದೇವೀರಮ್ಮನವರು ಇಡ್ಲಿ ಕೊಟ್ಟರು, ನಾಲ್ಕು ತಿಂದೆ. ತಿಂಗಳಿಂದ ಹೀಗೆ ತಿಂದಿರಲಿಲ್ಲ.

೧೬ ಮಾರ್ಚಿ

ಹೋಗಿಬಿಟ್ಟರು.

೧೯ ಮಾರ್ಚಿ, ಶುಕ್ರವಾರ

ಛತ್ರದ ಅಡುಗೆಯವನು ಹೇಳಿದ್ದು. ಕಾಫಿ ಕುಡಿಯುತ್ತಿದ್ದರಂತೆ. ಇಬ್ಬರು ನಿಂಬೆಹಣ್ಣು ಹಿಡಿದು, ಬುದ್ಧೀ ಆಶೀರ್ವಾದ ಮಾಡಬೇಕು ಅಂತ ಬಂದರಂತೆ. ದೊಡ್ಡವರನ್ನು ನೋಡುವುದಕ್ಕೆ ಯಾರು ಬಂದರೂ ನಿಂಬೆಹಣ್ಣು ಕೊಟ್ಟು ಕಾಲಿಗೆ ಬೀಳುವುದೇ ತಾನೇ, ಯಾರೂ ತಡೆಯಲಿಲ್ಲ. ಅವರನ್ನು ಎತ್ತುವುದಕ್ಕೆ ಇವರು ಬಗ್ಗಿದರಂತೆ. ಮೆಂಬರುಗಳು ಸುತ್ತ ನಿಂತಿದ್ದರು, ಏನಾಯಿತು ಅಂತ ಅಡುಗೆಯವನಿಗೆ ಕಾಣಲಿಲ್ಲ. ನಿಂಬೆಹಣ್ಣು ಉರುಳಿ ಅಡುಗೆ ಮನೆಯವರೆಗೂ ಬಂತಂತೆ.

ಪೊಲೀಸರು ಗುಡಿಸಲು ಕಡೆಯವನೊಬ್ಬನನ್ನು ಹಿಡಿದಿದ್ದಾರೆ. ಕುಡುಕ, ಸೈಟು ಸಿಗಲಿಲ್ಲ ಅಂತ ದ್ವೇಷ ಅಂತೆ. ಕೊಡುವುದಕ್ಕೆ ಇನ್ನೂ ಶುರುವೇ ಆಗಿರಲಿಲ್ಲವಲ್ಲ.

ಲಕ್ಷ್ಮೀನರಸಿಂಹಯ್ಯನವರು ಸ್ಮಶಾನದಲ್ಲಿ ಮಾತಾಡಿದರು. ಟವಲಿನಲ್ಲಿ ಕಣ್ಣು ಒರೆಸಿಕೊಂಡರು. ನಾನೂ ಅತ್ತೆ.

೨೮ ಮಾರ್ಚಿ, ಭಾನುವಾರ

ಅವಿರೋಧವಾಗಿ ಅಧ್ಯಕ್ಷರಾದರು ವಕೀಲರು. ತಿಮ್ಮಮ್ಮ ಹಾರ ಕಟ್ಟಲಿಲ್ಲವಂತೆ, ಬೇರೆಯವರು ಕಟ್ಟಿದರಂತೆ. ದಾರಿಯಲ್ಲಿ ಸಿಕ್ಕಿದಳು. ನಿಂತು ನನ್ನನ್ನೇ ನೋಡಿದಳು. "ಹೇಳ್ದ್ರಾ ಸ್ವಾಮಿ?"

"ಕಾಗದ ಬರೆದು ಕೊಟ್ಟೆ."

"ಓದಿದ್ರಾ?"

ಅವಳಿಗೆ ಗುಟ್ಟು ಗೊತ್ತಿಲ್ಲ. ಓದಿರಬೇಕು ಅಂದೆ. ಮುಖ ತಿರುಗಿಸಿಕೊಂಡು ಹೋದಳು. ಬುಟ್ಟಿಯಲ್ಲಿ ಹೂವು ಇರಲಿಲ್ಲ.

೪ ಏಪ್ರಿಲ್, ಯುಗಾದಿ

ದೇವೀರಮ್ಮನವರನ್ನು ನೋಡಿ ಬರುವುದಕ್ಕೆ ಹೋದೆ. ಹಬ್ಬ ಇಲ್ಲದ ಮನೆ. ಗೋಡೆಗೆ ಒರಗಿ ಕೂತಿದ್ದವರು, "ಅಯ್ನೋರೇ, ಅವತ್ತು ಕೊಟ್ರಲ್ಲ ಕಾಗ್ದ, ಅದರಲ್ಲಿ ಏನಿತ್ತು?" ಅಂದರು.

"ಸೈಟು ಕೇಳಿದ್ದೆ ಅಮ್ಮಾ."

"ಕೊಡೋರು. ನಿಮಗಿಲ್ಲ ಅಂತಿರ್ನಿಲ್ಲ" ಅಂದರು.

ಮೊನ್ನೆ ಸೈಟಿನ ಕಾಗದ ಬಂದಿದೆ. ರಮಾಮಣಿ ದೇವರ ಮುಂದೆ ಇಟ್ಟಿದ್ದಾಳೆ. ಅದೇ ಬಯಲು. ಗುಡಿಸಲಿನವರನ್ನು ಅಲ್ಲಿಂದ ಎಬ್ಬಿಸುತ್ತಾರಂತೆ. ಬೇಡ ಅಂತ ಬರೆಯಬಹುದಿತ್ತು. ಆದರೆ ಹೋದವರು ವಾಪಸು ಬರುತ್ತಾರೆಯೇ, ಮತ್ತೆ ರಮಾಮಣಿಗೆ ಏನು ಹೇಳಲಿ.

೧೨ ಏಪ್ರಿಲ್, ಸೋಮವಾರ

ಇನ್‌ಸ್ಪೆಕ್ಟರ ಹತ್ತಿರ ಹೋಗಿದ್ದೆ. ಇದು ಮೂರನೇ ಸಲ.

ಮೊದಲನೇ ಸಲ ಅವರೇ ಕರೆಸಿದ್ದರು. ಬೆಟ್ಟಯ್ಯನವರ ಕೋಟಿನ ಒಳಜೇಬಿನಲ್ಲಿ ಒಂದು ಕವರು ಇದೆ, ಅವರ ಮನೆಯವರು ನೀವು ಕೊಟ್ಟದ್ದು ಅನ್ನುತ್ತಾರೆ, ಏನದು ಅಂದರು. ಕತ್ತಿ ಅದನ್ನೂ ತೂರಿಕೊಂಡು ಹೋಗಿತ್ತಂತೆ. ರಕ್ತಕ್ಕೆ ಇಂಕು ಕಲಸಿ ಒಂದು ಅಕ್ಷರವೂ ಉಳಿದಿಲ್ಲವಂತೆ. ಸೈಟಿನ ಅರ್ಜಿ ಅಂದೆ. ಬರೆದುಕೊಂಡರು.

ಆವತ್ತಿನಿಂದ ತಲೆಯಲ್ಲಿ ಇದೊಂದೇ. ಮನೆಯಿಂದ ಛತ್ರಕ್ಕೆ ಕಾರಿನಲ್ಲಿ ಹತ್ತು ನಿಮಿಷ. ಶಾಮಣ್ಣ ಯಾಕಪ್ಪ ಅರ್ಜಿ ಕೊಟ್ಟ ಅಂತ ಬೆಟ್ಟಯ್ಯನವರಿಗೆ ಅನ್ನಿಸಿರಬೇಕು. ದಿನಾ ಮನೆಗೆ ಬರುವವನು, ಬಾಯಲ್ಲೇ ಕೇಳಬಹುದಿತ್ತಲ್ಲ ಅಂತ. ಅನ್ನಿಸಿದ್ದರೆ ತೆಗೆದು ಪಕ್ಕದಲ್ಲಿದ್ದ ವಕೀಲರ ಕೈಗೆ ಕೊಟ್ಟಿರುತ್ತಾರೆ. ಅವರಿಗೆ ಗುಟ್ಟು ಗೊತ್ತು. ಅವರು ಒಡೆದು, ನೋಡಿ, ನಲ್ಲಿ ಬೇಕಂತೆ, ಸೈಟು ಬೇಕಂತೆ ಅಂತ ಏನೋ ಸುಳ್ಳು ಓದಿ ವಾಪಸು ಜೇಬಿಗೆ ಇಟ್ಟಿರುತ್ತಾರೆ. ಹಾಗೆ ಆಗಿದ್ದರೆ ನಾನು ಕೊಟ್ಟದ್ದು ಕೊಟ್ಟ ಹಾಗಾಯಿತು. ಕಾಗದ ತನ್ನ ಕೆಲಸ ಮಾಡಿತು, ಓದಿದವರು ಮೋಸ ಮಾಡಿದರು. ಒಡೆದಿಲ್ಲದಿದ್ದರೆ, ಓದು ಬಾರದವರ ಕೈಗೆ ಕಾಗದ ಕೊಟ್ಟು ನಾನು ಇಡ್ಲಿ ತಿನ್ನುತ್ತಾ ಕೂತಿದ್ದೆ, ಅಷ್ಟೇ.

ಎರಡನೇ ಸಲ ಹೋಗಿ ಕೇಳಿದಾಗ, ಎಲ್ಲ ಮುದ್ದೆಯಾಗಿ ಅಂಟಿಕೊಂಡಿದೆ, ಒಡೆದದ್ದೋ ಇಲ್ಲವೋ ಹೇಳುವುದು ಕಷ್ಟ ಅಂದಿದ್ದರು. ಇವತ್ತು ನನ್ನನ್ನು ಕಂಡ ಕೂಡಲೇ ಕುರ್ಚಿ ಹಿಂದಕ್ಕೆ ತಳ್ಳಿದರು.

"ಏನ್ರೀ ಶಾಮಣ್ಣೋರೇ, ಸೈಟು ಸಿಕ್ಕಿತಂತಲ್ಲ. ಇನ್ನೂ ಆ ಅರ್ಜಿ ಯಾಕೆ ನಿಮಗೆ?"

ಈಗ ಹೇಳಿಬಿಡಬಹುದಿತ್ತು. ಗುಡಿಸಲಿನವನು ಲಾಕಪ್ಪಿನಲ್ಲಿ ಕೆಮ್ಮುವುದು ಅಲ್ಲಿಗೇ ಕೇಳಿಸುತ್ತಿತ್ತು. ಓಟು ಮುಗಿದಿದೆ, ಆಣೆಯೂ ಮುಗಿದಿದೆ, ಬಾಯಿ ಕಟ್ಟಿದವರು ಯಾರೂ ಇಲ್ಲ. ಮೇಜಿನ ಅಂಚು ಹಿಡಿದುಕೊಂಡು ನಿಂತೆ. ಬಂದ ಮಾತು ಇಷ್ಟೇ.

"ತಪ್ಪು ತಿಳ್ಕೋಬೇಡಿ ಸ್ವಾಮಿ. ಇನ್ನು ಬರೋದಿಲ್ಲ, ಇದೇ ಕೊನೆ. ಆ ಕೋಟು ಇಟ್ಟಿರುವ ಪೆಟ್ಟಿಗೆ ಒಂದೇ ಒಂದು ಸಲ ತೆಗೆಸಿ, ಕವರಿನ ಅಂಚು ಬೆಳಕಿಗೆ ಹಿಡಿದು ನೋಡಿ. ನಾನು ಅನ್ನದ ಅಗುಳು ಹಚ್ಚಿದ್ದೆ. ಅದು ಬಿಟ್ಟಿದೆಯೋ, ಹಚ್ಚಿದ ಹಾಗೇ ಇದೆಯೋ, ಇನ್ನೊಂದು ಸಲ ನೋಡಿ ಹೇಳಿ."